ಆರನೇ ಪ್ಯಾರಾ

ಬಟವಾಡಿ, ತುಮಕೂರು
ಬುಧವಾರ, ೧೧ ಮಾರ್ಚ್ ೨೦೨೬

ಪ್ರೀತಿಯ ಸರಸೂ,

ನೀನು ಮಗಳ ಬಾಣಂತನಕ್ಕೆಂದು ಹಾಸನಕ್ಕೆ ಹೋಗಿ ಇವತ್ತಿಗೆ ನಲವತ್ತೆರಡು ದಿನವಾಯಿತು. ನಿನ್ನ ಮಂಡಿ ಹೇಗಿದೆ? ಅಪರ್ಣನ ಮನೆಯ ಮೆಟ್ಟಿಲು ಎತ್ತರ, ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಹತ್ತಿ ಇಳಿಯಬೇಡ ಎಂದು ಹೇಳಿದ್ದೆ. ನೀನು ಕೇಳಿರುವುದಿಲ್ಲ, ಗೊತ್ತು. ನಾನು ಕಳಿಸಿದ ಎಣ್ಣೆಯನ್ನು ನೀನು ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲ ಮಗುವಿಗೆ ತಿಕ್ಕುವುದರಲ್ಲೇ ಮುಗಿಯಿತಾ? ಅಪರ್ಣ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ? ಅಳಿಯಂದಿರು ಕಳಿಸಿದ ಫೋಟೋ ನೋಡಿದೆ. ಮಗುವಿನ ಮೂಗು ನಮ್ಮ ಕಡೆಯದು. ಅಲ್ಲ ಎಂದು ಅವರ ಮನೆಯಲ್ಲಿ ಯಾರಾದರೂ ಹೇಳಿದರೆ ನಂಬಬೇಡ. ನನ್ನ ಬಿ.ಪಿ. ಹತೋಟಿಯಲ್ಲಿದೆ. ಬೆಳಿಗ್ಗೆ ಅನ್ನ, ತಿಳಿಸಾರು ನಾನೇ ಮಾಡಿಕೊಳ್ಳುತ್ತೇನೆ. ಸಂಜೆಗೆ ಬಸ್‌ಸ್ಟಾಪಿನ ಪಕ್ಕದ ಮೆಸ್ಸಿನಿಂದ ಚಪಾತಿ ತರುತ್ತೇನೆ. ಮೂರು ಎಂದು ಹೇಳಿ ಎರಡೂವರೆಯಷ್ಟು ಹಿಟ್ಟಿನಲ್ಲಿ ಮೂರು ಲಟ್ಟಿಸುತ್ತಾನೆ, ಇರಲಿ.

ಕೈಯಲ್ಲಿ ಫೋನಿರುವಾಗ ಅಪ್ಪ ಕಾಗದ ಯಾಕೆ ಬರೆಯುತ್ತಾರೆ ಎಂದು ಅಪರ್ಣ ನಗುತ್ತಾಳೆ. ನಗಲಿ. ನೀನು ಫೋನನ್ನು ಕಿವಿಗೆ ಇಟ್ಟುಕೊಳ್ಳುವವಳಲ್ಲ. ಅಂಗೈ ಮೇಲೆ ತಟ್ಟೆಯಂತೆ ಹಿಡಿದು ಸ್ಪೀಕರ್ ಹಾಕುತ್ತೀಯ, ನಮ್ಮ ಸಂಸಾರದ ಮಾತು ಅಳಿಯಂದಿರಿಗೂ ಅವರ ತಾಯಿಗೂ ಎಣ್ಣೆ ತಿಕ್ಕುವ ಹೆಂಗಸಿಗೂ ಒಟ್ಟಿಗೆ ಕೇಳಿಸುತ್ತದೆ. ಮೂವತ್ತೆಂಟು ವರ್ಷ ಅಂಚೆ ಇಲಾಖೆಯ ಅನ್ನ ತಿಂದವನಿಗೆ ಅಂಟಿಸಿದ ಲಕೋಟೆಯ ಮೇಲಿರುವ ನಂಬಿಕೆ ಬೇರೆ ಯಾವುದರ ಮೇಲೂ ಇಲ್ಲ. ಅದಕ್ಕೂ ಗೋಂದು ಹಚ್ಚಿದ ಮೇಲೆ ಟೇಪು ಹಾಕಿದ್ದೇನೆ. ಟೇಪು ಎದ್ದಿದ್ದರೆ ತಿಳಿಸು. ಇದನ್ನು ನೀನೊಬ್ಬಳೇ ಓದು, ಗಟ್ಟಿಯಾಗಿ ಓದಬೇಡ.

ವಿಷಯ ಲಕ್ಷ್ಮೀನರಸಿಂಹಯ್ಯನ ಸಾಲದ್ದು. ನಿನಗೆ ಗೊತ್ತಿರುವುದೇ ಆದರೂ ಮೊದಲಿನಿಂದ ಬರೆಯುತ್ತೇನೆ. ಕೋರ್ಟಿಗೆ ಹೋಗುವವನು ಎಲ್ಲವನ್ನೂ ತಾರೀಖಿನ ಪ್ರಕಾರ ಹೇಳಬೇಕು ಎಂದು ವಕೀಲೆ ಕಲಿಸಿದ್ದಾಳೆ, ನನಗೂ ಅದೇ ಅಭ್ಯಾಸವಾಗಿಬಿಟ್ಟಿದೆ. ನಾನು ಗುಬ್ಬಿ ಪೋಸ್ಟ್ ಮಾಸ್ಟರ್ ಆಗಿ ನಿವೃತ್ತನಾದ ವರ್ಷ, ಅಂದರೆ ೨೦೨೨ರ ಮೇ ಹದಿನಾರರಂದು, ಕಡಬದ ಲಕ್ಷ್ಮೀನರಸಿಂಹಯ್ಯನಿಗೆ ಗುಬ್ಬಿಯಲ್ಲೇ ಮೂರು ಲಕ್ಷ ಕೊಟ್ಟೆ. ಅವನ ಮಗ ಚಂದ್ರು ಕುಣಿಗಲ್‌ನಲ್ಲಿ ಜೆಸಿಬಿ ಇಡುವುದಕ್ಕೆ ಮುಂಗಡ ಕಟ್ಟಬೇಕಾಗಿತ್ತು. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿ ಪ್ರೋನೋಟು ಬರೆದುಕೊಟ್ಟ. ಅದು ನಮ್ಮ ಗೂಳೂರು ರಸ್ತೆಯ ಸೈಟಿನಲ್ಲಿ ಎರಡು ರೂಮು ಎಬ್ಬಿಸಿ, ಈ ಬಾಡಿಗೆ ಮನೆ ಬಿಡಬೇಕು ಎಂದು ಇಟ್ಟಿದ್ದ ಹಣ. ಎಷ್ಟು ಸಲ ಕೇಳಿದರೂ ಮುಂದಿನ ಕೊಯ್ಲಿಗೆ, ಮುಂದಿನ ಕೊಯ್ಲಿಗೆ ಎನ್ನುತ್ತಾ ಬಂದ. ತೆಂಗಿನ ಮರ ಒಂದೂವರೆ ತಿಂಗಳಿಗೊಮ್ಮೆ ಕೊಯ್ಲಿಗೆ ಬರುತ್ತದೆ. ಹಾಗೆ ನೋಡಿದರೆ ಇಪ್ಪತ್ತೈದು ಮೂವತ್ತು ಮುಂದಿನ ಕೊಯ್ಲು ಆಗಿಹೋಗಿವೆ.

ಜನವರಿಯಲ್ಲಿ, ನೀನು ಹೊರಡುವ ಮುಂಚೆಯೇ, ಮಂಜುಶ್ರೀ ಎನ್ನುವ ವಕೀಲೆಯನ್ನು ಹಿಡಿದೆ. ನಿನಗೆ ಹೇಳಿದ್ದೆ, ನೀನು ಒಗ್ಗರಣೆ ಸೀಯುತ್ತಿದೆ ಎಂದು ಎದ್ದು ಹೋದೆ. ಆ ಹುಡುಗಿಯ ಮೇಲೆ ನನಗೆ ಮೊದಲ ದಿನದಿಂದಲೂ ಅನುಮಾನ. ಒಂದು, ಅವಳ ತಾಯಿಯ ಊರು ಕಡಬದ ಹತ್ತಿರ. ಇನ್ನೊಂದು, ಎದುರು ಪಾರ್ಟಿಯನ್ನು ಲಕ್ಷ್ಮೀನರಸಿಂಹಯ್ಯನವರು ಎಂದು ಬಹುವಚನದಲ್ಲಿ ಕರೆಯುತ್ತಾಳೆ. ಫೀಸಿಗೆ ರಸೀದಿ ಕೇಳಿದೆ. ಮರುಮಾತಿಲ್ಲದೆ ಬರೆದುಕೊಟ್ಟಳು. ರಸೀದಿಯನ್ನು ಅಷ್ಟು ಸುಲಭವಾಗಿ ಕೊಡುವ ವಕೀಲರನ್ನು ನಾನು ಕಂಡಿಲ್ಲ, ಅದರಿಂದ ಅನುಮಾನ ಇನ್ನಷ್ಟು ಹೆಚ್ಚಾಯಿತು. ತುಮಕೂರಿನಲ್ಲೇ ದಾವೆ ಹಾಕು, ನನಗೆ ಮನೆ ಹತ್ತಿರ ಎಂದೆ. ಕೇಳಲಿಲ್ಲ. ನೋಟು ಬರೆದದ್ದು ಗುಬ್ಬಿಯಲ್ಲಿ, ಸಾಲಗಾರ ಇರುವುದು ಗುಬ್ಬಿ ತಾಲ್ಲೂಕಿನಲ್ಲಿ, ದಾವೆಯೂ ಗುಬ್ಬಿ ಕೋರ್ಟಿನಲ್ಲೇ, ಕೊಟ್ಟವನ ಮನೆ ಬಾಗಿಲಿಗೆ ಕೋರ್ಟು ಬರುವುದಿಲ್ಲ ಎಂದಳು. ಗುಬ್ಬಿ ಕೋರ್ಟಿನಲ್ಲಿ ಲಕ್ಷ್ಮೀನರಸಿಂಹಯ್ಯನ ಕಡೆಯವರು ಯಾರಾದರೂ ಇರಬಹುದೇ ಎಂದು ಒಂದು ವಾರ ವಿಚಾರಿಸಿದೆ. ಯಾರೂ ಇಲ್ಲವಂತೆ.

ಇಷ್ಟೆಲ್ಲ ಎಚ್ಚರ ವಹಿಸಿದ ನಾನು ಒಂದು ಕಡೆ ಎಡವಿದೆ, ಅದನ್ನು ನಿನ್ನ ಹತ್ತಿರ ಮಾತ್ರ ಒಪ್ಪಿಕೊಳ್ಳುತ್ತೇನೆ. ಪ್ರೋನೋಟನ್ನು ಬ್ಯಾಂಕಿನ ಲಾಕರಿನಿಂದ ತೆಗೆಯಲೇ ಇಲ್ಲ. ಪರಿಚಯವಿಲ್ಲದ ಹುಡುಗಿಯ ಕೈಗೆ ಅಸಲು ನೋಟು ಕೊಡುವುದು ಹೇಗೆ? ಜೆರಾಕ್ಸ್ ಕೂಡ ಕೊಡಲಿಲ್ಲ. ತಾರೀಖನ್ನು ಬಾಯಲ್ಲೇ ಹೇಳಿದೆ, ಹೇಳುವಾಗ ೨೦೨೩ ಎಂದುಬಿಟ್ಟೆ. ಅವಳು ಅದನ್ನೇ ನಂಬಿ ಮೊದಲು ನೋಟೀಸು ಕಳಿಸಿದಳು. ನೋಟೀಸು ಕಡ್ಡಾಯವಲ್ಲ, ಆದರೆ ನ್ಯಾಯಾಧೀಶರು ಮೊದಲು ಕೇಳುವುದೇ ಅದನ್ನಂತೆ. ಕಡಬದ ವಿಳಾಸಕ್ಕೊಂದು, ಕುಣಿಗಲ್‌ನಲ್ಲಿ ಮಗನ ವಿಳಾಸಕ್ಕೊಂದು ಹೋಯಿತು. ಈಗ ರಿಜಿಸ್ಟರ್ ಪೋಸ್ಟನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿಬಿಟ್ಟಿದ್ದಾರೆ, ನನ್ನ ಮಟ್ಟಿಗೆ ಅರ್ಧ ಇಲಾಖೆಯನ್ನೇ ಮುಚ್ಚಿದ ಹಾಗೆ. ಕುಣಿಗಲ್‌ಗೆ ಹೋದದ್ದು ‘ವಿಳಾಸದಲ್ಲಿ ಇಲ್ಲ’ ಎಂಬ ಷರಾ ಹೊತ್ತು ವಾಪಸ್ ಬಂತು. ಆ ಷರಾವನ್ನು ಟೀ ಕುಡಿಸಿ ಹೇಗೆ ಬರೆಸುತ್ತಾರೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಡಬದ್ದು ತಲುಪಿತು ಎಂದು ಸಹಿ ಬಂತು. ಆ ಸಹಿ ಸ್ವಲ್ಪ ಎಡಕ್ಕೆ ವಾಲಿತ್ತು. ನೋಟಿನ ಮೇಲಿನ ಸಹಿ ನೆಟ್ಟಗಿದೆ.

ಬಸ್ಸು ಹತ್ತಿ ಕಡಬಕ್ಕೇ ಹೋದೆ. ಅಲ್ಲಿನ ಅಂಚೆಯ ಓಬಳಯ್ಯ ನನ್ನ ಕೈಕೆಳಗೆ ಕೆಲಸ ಕಲಿತವನು. ಅವನನ್ನು ಕೂರಿಸಿಕೊಂಡು ಕೇಳಿದೆ. “ಅವ್ರೇ ಸೈನ್ ಹಾಕವ್ರೆ ಸಾರ್, ನನ್ ಮುಂದೇನೇ. ಜಗಲಿ ಮೇಲೆ ಮಲ್ಗಿದ್ರು, ಮಲ್ಗೇ ಹಾಕುದ್ರು” ಎಂದ. ಅವನ ಮಾತನ್ನೂ ಅರ್ಧ ನಂಬಿದೆ. ಕೆರೆ ಏರಿಯ ಮೇಲೆ ನಡೆದು ಲಕ್ಷ್ಮೀನರಸಿಂಹಯ್ಯನ ಮನೆಗೆ ಹೋದರೆ ಅವನಿಲ್ಲ, ತೋಟಕ್ಕೆ ಹೋಗಿದ್ದನಂತೆ. ಅವನ ಹೆಂಡತಿ ಹನುಮಂತಮ್ಮ ಮಜ್ಜಿಗೆ ಕೊಟ್ಟಳು. ನೋಟೀಸಿನ ಮಾತೇ ಎತ್ತಲಿಲ್ಲ. ಅದರ ಬದಲು ಅಮ್ಮೋರು ಚೆನ್ನಾಗವ್ರಾ, ಅಮ್ಮೋರು ಯಾವಾಗ ಬತ್ತಾರೆ, ಅಮ್ಮೋರಿಗೆ ಫೋನು ಹೋಯ್ತದಾ ಎಂದು ನಿನ್ನನ್ನೇ ಮೂರು ಸಲ ವಿಚಾರಿಸಿದಳು. ಸಾಲ ತೀರಿಸಬೇಕಾದ ಮನೆಯಲ್ಲಿ ಸಾಲ ಕೊಟ್ಟವನ ಹೆಂಡತಿಯ ಕ್ಷೇಮದ ಮೇಲೆ ಇಷ್ಟು ಕಾಳಜಿ ಯಾಕೆ ಎಂದು ನನಗೆ ಅನ್ನಿಸಿತು. ಮಜ್ಜಿಗೆಯನ್ನು ಪೂರ್ತಿ ಕುಡಿಯಲಿಲ್ಲ.

ಅದಾದ ಎರಡು ದಿನಕ್ಕೆ ಲಕ್ಷ್ಮೀನರಸಿಂಹಯ್ಯನೇ ಫೋನು ಮಾಡಿದ. “ಸಾಮಿ, ನಾನು ಕೊಡಕಿಲ್ಲ ಅಂದಿಲ್ಲ. ಎಷ್ಟು ಕೊಡ್ಬೇಕು ಅನ್ನೋದ ಮನೇಲಿ ಅಮ್ಮನ್ನ ಒಂದ್ ಮಾತು ಕೇಳಿ” ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಲೆಕ್ಕ ಗೊತ್ತಿಲ್ಲದವನು, ಹೋಗಿ ಹೆಂಡತಿಯನ್ನು ಕೇಳಿಕೊಂಡು ಬಾ ಎಂದು ಅಣಕಿಸಿದ ಎಂದುಕೊಂಡು ಫೋನನ್ನು ಕುಕ್ಕಿಬಿಟ್ಟೆ. ಆಗ ನಿನ್ನನ್ನು ಕೇಳಿದ್ದರೆ ಚೆನ್ನಾಗಿತ್ತು. ಕೇಳಲಿಲ್ಲ.

ಫೆಬ್ರವರಿ ಕೊನೆಗೆ ದಾವೆಯ ಕರಡು ಸಿದ್ಧವಾಯಿತು. ಮಂಜುಶ್ರೀ ಓದುತ್ತಾ ಆರನೇ ಪ್ಯಾರಾಕ್ಕೆ ಬಂದಾಗ ನಿಂತಳು. ಪ್ರತಿವಾದಿಯು ಅಸಲಿನಲ್ಲಿ ಇದುವರೆಗೆ ಒಂದು ರೂಪಾಯಿಯನ್ನೂ ಮರಳಿಸಿರುವುದಿಲ್ಲ ಎಂದು ಅದರಲ್ಲಿತ್ತು. “ಇದು ನಿಜ ತಾನೇ ಸಾರ್? ಕೊನೇಲಿ ಅಫಿಡವಿಟ್ಟಿಗೆ ಪ್ರಮಾಣ ಮಾಡಿ ಸೈನ್ ಹಾಕೋರು ನೀವು, ನಾನಲ್ಲ” ಎಂದಳು. ಅನುಮಾನ ಪಡುವುದು ನನ್ನ ಕೆಲಸ, ನನ್ನ ಮೇಲೆ ಅನುಮಾನ ಪಡಲು ಇವಳು ಯಾರು ಎಂದು ಸಿಟ್ಟು ಬಂತು. ಒಂದು ರೂಪಾಯಿಯಲ್ಲ, ಒಂದು ಪೈಸೆಯೂ ಬಂದಿಲ್ಲ ಎಂದು ಮೇಜು ಕುಟ್ಟಿ ಹೇಳಿದೆ. ಆ ಸಿಟ್ಟಿನಲ್ಲೇ ಮಾರನೆಯ ದಿನ ಲಾಕರಿನಿಂದ ನೋಟು ತೆಗೆದು ತಂದು ಅವಳ ಮುಂದಿಟ್ಟೆ.

ಅವಳು ತಾರೀಖು ನೋಡಿದವಳೇ ಪೆನ್ನು ಕೆಳಗಿಟ್ಟಳು. ನೋಟು ೨೦೨೨ರದ್ದು, ಕಾನೂನು ಕೊಡುವುದು ಮೂರು ವರ್ಷ, ಅದು ಹೋದ ವರ್ಷದ ಮೇ ತಿಂಗಳಿಗೇ ಮುಗಿದಿದೆ, ದಾವೆಗೆ ಈಗ ಜೀವವಿಲ್ಲ ಎಂದಳು. ಸರಸೂ, ಯಾರೂ ಮೋಸ ಮಾಡದಿರಲಿ ಎಂದು ನೋಟನ್ನು ಬಚ್ಚಿಟ್ಟ ನಾನೇ ನಮ್ಮ ಎರಡು ರೂಮನ್ನು ಕೆಡವಿಹಾಕಿದ್ದೆ. ಅವಳು ನನಗೆ ನೀರು ಕೊಟ್ಟು, ಇನ್ನೊಂದು ದಾರಿ ಇದೆ ಎಂದಳು. ಆ ಮೂರು ವರ್ಷ ಮುಗಿಯುವುದರೊಳಗೆ ಅವನು ಸಾಲ ಇದೆ ಎಂದೋ ಬಡ್ಡಿ ಕೊಟ್ಟೆ ಎಂದೋ ತನ್ನ ಕೈಯಿಂದ ಬರೆದು ಸಹಿ ಹಾಕಿದ ಕಾಗದ ಏನಾದರೂ ಇದ್ದರೆ, ಆ ತಾರೀಖಿನಿಂದ ಹೊಸದಾಗಿ ಮೂರು ವರ್ಷ ಸಿಗುತ್ತದಂತೆ. ಎಷ್ಟು ಸಣ್ಣ ಕಾಗದವಾದರೂ ಪರವಾಗಿಲ್ಲ ಎಂದಳು.

ಆಗ ಮೂಟೆಯ ಚೀಟಿ ನೆನಪಾಯಿತು. ಲಕ್ಷ್ಮೀನರಸಿಂಹಯ್ಯನ ಮನೆಯವರು ಯಾರಿಗೆ ತೆಂಗಿನಕಾಯಿ ಕಳಿಸಿದರೂ ಮೂಟೆಯ ಬಾಯಿ ಹೊಲಿಯುವ ಮುಂಚೆ ಒಂದು ಚೀಟಿ ಹಾಕುತ್ತಾರೆ. ಎಷ್ಟು ಕಾಯಿ, ಯಾವ ಬಾಬ್ತು, ಕೆಳಗೆ ಸಹಿ, ತಾರೀಖು. ದಾರಿಯಲ್ಲಿ ಬಸ್ಸಿನವನೋ ಆಟೋದವನೋ ಎರಡು ಎತ್ತಿಕೊಂಡರೆ ಗೊತ್ತಾಗಲಿ ಎಂದು ಅವರ ಅಪ್ಪನ ಕಾಲದಿಂದ ಮಾಡಿಕೊಂಡ ಪದ್ಧತಿ. ಆ ಮನೆಯಲ್ಲಿ ನನಗೆ ಹಿಡಿಸಿದ್ದು ಅದೊಂದೇ. ಸಾಲ ಕೊಟ್ಟ ಮೇಲೆ ನಮಗೆ ಬಂದದ್ದು ಎರಡೇ ಮೂಟೆ. ಮೊದಲ ದೀಪಾವಳಿಯದರ ಚೀಟಿ ಸಿಕ್ಕರೂ ಅದರ ಮೂರು ವರ್ಷವೂ ಮುಗಿದಿದೆ. ಆಮೇಲಿನ ಯುಗಾದಿಯದು ೨೦೨೩ರ ಮಾರ್ಚ್ ಇಪ್ಪತ್ತೆರಡು. ಅದು ಸಿಕ್ಕರೆ ಈ ತಿಂಗಳ ಇಪ್ಪತ್ತೆರಡರವರೆಗೆ ದಾವೆಗೆ ಜೀವ ಉಂಟು. ಆ ಯುಗಾದಿಯ ಸಂಜೆ ನಾನು ಪಂಚಾಂಗ ಶ್ರವಣಕ್ಕೆಂದು ಗೂಳೂರಿನ ಅಕ್ಕನ ಮನೆಗೆ ಹೋಗಿದ್ದೆ. ಬಂದಾಗ ಅಡುಗೆಮನೆಯ ಮೂಲೆಯಲ್ಲಿ ಮೂಟೆ ಕೂತಿತ್ತು, ಚಂದ್ರು ಆಟೋದಲ್ಲಿ ಹಾಕಿಸಿ ಕಳಿಸಿದ ಎಂದು ನೀನು ಹೇಳಿದೆ. ಮೂಟೆ ಬಿಚ್ಚಿದವಳೂ ನೀನೇ.

ಹೋದ ಶುಕ್ರವಾರ ಫೋನು ಮಾಡಿ ಕೇಳಿದೆ. “ಅದನ್ನ ಅವತ್ತೇ ಒಲೆಗೆ ಹಾಕಿದೆ” ಎಂದೆ ನೀನು. ತುಂಬ ಬೇಗ ಹೇಳಿದೆ. ಮಗು ಅಳುತ್ತಿದೆ ಎಂದು ನೀನೇ ಫೋನಿಟ್ಟೆ, ನನಗೆ ಅಳು ಕೇಳಿಸಲಿಲ್ಲ. ನೀನು ಹೇಳಿದ್ದನ್ನು ಮೂವತ್ತಾರು ವರ್ಷದಲ್ಲಿ ಒಂದು ಸಲವೂ ಅನುಮಾನಿಸಿದವನಲ್ಲ ನಾನು. ಹಾಲಿನವನನ್ನು, ಬ್ಯಾಂಕಿನವನನ್ನು, ನನ್ನ ಸ್ವಂತ ಅಣ್ಣನನ್ನು ಅನುಮಾನಿಸಿದ್ದೇನೆ, ನಿನ್ನನ್ನಲ್ಲ. ಆದರೆ ಫೋನಿಟ್ಟ ಮೇಲೆ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತೆ. ನಮ್ಮದು ಗ್ಯಾಸು. ಗ್ಯಾಸಿನ ಒಲೆಗೆ ಯಾರಾದರೂ ಚೀಟಿ ಹಾಕುತ್ತಾರಾ?

ಶನಿವಾರ ಬೆಳಿಗ್ಗೆ ಸ್ನಾನ ಮಾಡಿ ಹುಡುಕಲು ಶುರು ಮಾಡಿದೆ. ಅಕ್ಕಿ ಡಬ್ಬ, ರಾಗಿ ಹಿಟ್ಟಿನ ಡಬ್ಬ, ಬೀರುವಿನಲ್ಲಿ ನಿನ್ನ ಸೀರೆಗಳ ಕೆಳಗೆ ಹಾಸಿದ ಪೇಪರು, ದೇವರ ಫೋಟೋಗಳ ಹಿಂಭಾಗ, ಎಲ್ಲವನ್ನೂ ನೋಡಿದೆ. ನಿನ್ನ ಅಡುಗೆಮನೆಯಲ್ಲಿ ನಾನು ಹೀಗೆ ಕೈಯಾಡಿಸಿದ್ದು ಇದೇ ಮೊದಲು, ಕಳ್ಳನ ಹಾಗೆ ಅನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಮೇಲಿನ ಗೂಡಿನಲ್ಲಿ, ಹಿಂಗಿನ ಹಳೇ ಡಬ್ಬದೊಳಗೆ ಸಿಕ್ಕಿತು. ‘ಕಾಯಿ ೭೫, ಬಡ್ಡಿ ಬಾಬ್ತು’ ಎಂದು ಬರೆದು, ಸಹಿ ಹಾಕಿ, ಯುಗಾದಿಯ ತಾರೀಖು ಹಾಕಿದ್ದಾನೆ. ಇನ್ನೂ ಹಿಂಗಿನ ವಾಸನೆ ಹೊಡೆಯುತ್ತದೆ. ನಿನ್ನೆ ಮಂಜುಶ್ರೀ ಅದನ್ನು ಮೂಸಿ ನೋಡಿ ನಕ್ಕಳು, ಕೋರ್ಟಿಗೆ ಇಂಥ ದಾಖಲೆಯನ್ನು ಕೊಡುತ್ತಿರುವುದು ಇದೇ ಮೊದಲಂತೆ. ಕರಡನ್ನು ತಿದ್ದಿದಳು. ನಾನು ವಕಾಲತ್ತಿಗೆ, ದಾವೆಯ ಪ್ರತಿ ಪುಟಕ್ಕೆ, ಕೊನೆಗೆ ಅಫಿಡವಿಟ್ಟಿಗೆ ಸಹಿ ಹಾಕಿದೆ. ಕೋರ್ಟು ಫೀಸಿನ ಹಣ ಕಟ್ಟಿದೆ, ಅದಕ್ಕೂ ರಸೀದಿ ಪಡೆದೆ. ಇಪ್ಪತ್ತೆರಡು ಭಾನುವಾರ, ಮಾರನೆಯ ದಿನ ಹಾಕಿದರೂ ನಡೆಯುತ್ತದೆ ಎನ್ನುತ್ತಾಳೆ. ಅಂಥ ರಿಯಾಯಿತಿಯನ್ನೆಲ್ಲ ನಾನು ನಂಬುವವನಲ್ಲ. ನಾಡಿದ್ದು ಶುಕ್ರವಾರವೇ ಗುಬ್ಬಿಗೆ ಹೋಗಿ ಹಾಕಿಬರುತ್ತೇವೆ.

ಮಗುವಿಗೆ ಥಂಡಿ ಆಗದಂತೆ ನೋಡಿಕೊಳ್ಳಿ. ನನ್ನ ಪರವಾಗಿ ಅದರ ಎರಡು ಪಾದವನ್ನೂ ಕಣ್ಣಿಗೆ ಒತ್ತಿಕೋ. ಅಪರ್ಣನಿಗೆ ಆಶೀರ್ವಾದ, ಅಳಿಯಂದಿರಿಗೂ ಅವರ ತಾಯಿಗೂ ನನ್ನ ನಮಸ್ಕಾರ ತಿಳಿಸು. ಹಾಸನದಲ್ಲಿ ಹಿಂಗು ಒಳ್ಳೆಯದು ಸಿಗುವುದಿದ್ದರೆ ಬರುವಾಗ ತಾ. ಯುಗಾದಿಗೆ ನೀನಿಲ್ಲದೆ ಒಬ್ಬಟ್ಟು ಮಾಡುವವರಿಲ್ಲ, ಬೇವು ಮಾತ್ರ ತಿನ್ನುತ್ತೇನೆ.

ನಿನ್ನ ದಾರಿ ನೋಡುತ್ತಿರುವ,
ಯೋಗನರಸಿಂಹ

ಮತ್ತೆ: ಬರೆಯಲು ಮರೆತೆ ಎಂದರೆ ಸುಳ್ಳಾಗುತ್ತದೆ. ಇದನ್ನು ಬರೆಯಬೇಕೆಂದೇ ಕೂತೆ, ಕೈ ಬರದೆ ಇಷ್ಟು ಪುಟ ಬೇರೆಯದನ್ನು ಬರೆದೆ. ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಡಬ್ಬದಲ್ಲಿ ಇದ್ದದ್ದು ಒಂದು ಚೀಟಿಯಲ್ಲ, ಎರಡು. ಒಂದಕ್ಕೊಂದು ಸೇರಿಸಿ ನೀನು ಪಿನ್ನು ಹಾಕಿದ್ದೆ. ಎರಡನೆಯದರಲ್ಲಿ ಅದೇ ತಾರೀಖು, ಅದೇ ಸಹಿ: ‘ಅಸಲಿನ ಬಾಬ್ತು ಎಂಬತ್ತು ಸಾವಿರ ಅಮ್ಮನವರ ಕೈಗೆ ಕೊಟ್ಟಿದೆ. ಉಳಿದದ್ದು ಮುಂದಿನ ಕೊಯ್ಲಿಗೆ.’ ಅದರ ಕೆಳಗೆ ನಿನ್ನ ದುಂಡು ಅಕ್ಷರ: ‘ಬಂದಿದೆ. ಸರಸ್ವತಿ.’ ಅಂದರೆ ಅವತ್ತು ಆಟೋದಲ್ಲಿ ಲಕ್ಷ್ಮೀನರಸಿಂಹಯ್ಯನೇ ಬಂದಿದ್ದ, ನೀನು ಹೇಳಲಿಲ್ಲ. ಅವನ ಕೈಯಲ್ಲಿ ಇರಬೇಕಾದ ರಸೀದಿ ಅದು. ಚೀಟಿ ಮೂಟೆ ಇಳಿಸಿದ ಮನೆಗೇ ಸೇರಬೇಕು ಎಂಬ ಪದ್ಧತಿಗೆ ಅದನ್ನೂ ನಿನ್ನ ಹತ್ತಿರವೇ ಬಿಟ್ಟುಹೋಗಿದ್ದಾನೆ, ಪುಣ್ಯಾತ್ಮ. ಹಣ ಕೊಟ್ಟದ್ದಕ್ಕೆ ಅವನಿಗೆ ಈ ಪ್ರಪಂಚದಲ್ಲಿ ಬೇರೆ ಸಾಕ್ಷಿಯಿಲ್ಲ, ಅದಕ್ಕೇ ಅಮ್ಮನ್ನ ಕೇಳಿ ಎಂದ.

ದಾವೆ ಉಳಿಸುವುದಕ್ಕೆ ಮೊದಲನೇ ಚೀಟಿಯೊಂದೇ ಸಾಕು. ಪಿನ್ನು ತೆಗೆದು ಎರಡನೆಯದನ್ನು ಹರಿದುಹಾಕಿದ್ದರೆ ಮೂರು ಲಕ್ಷವನ್ನೂ ಕೇಳಬಹುದಾಗಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಶನಿವಾರದಿಂದ ಸೋಮವಾರದವರೆಗೆ ಆ ಪಿನ್ನಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ ಸರಸೂ. ಹಣವನ್ನು ನನ್ನಿಂದ ಮುಚ್ಚಿಟ್ಟವಳು ಈ ಚೀಟಿಯನ್ನು ಯಾಕೆ ಸುಡಲಿಲ್ಲ ಎಂದು ಯೋಚಿಸಿದೆ. ಮುಂದೊಂದು ದಿನ ನಾನು ಅವನ ಹತ್ತಿರ ಪೂರ್ತಿ ಹಣ ಕೇಳಲು ಹೊರಡುತ್ತೇನೆ ಎಂದು ನಿನಗೆ ಅನುಮಾನವಿತ್ತು. ಊರನ್ನೆಲ್ಲ ಅನುಮಾನಿಸಿದ ನನ್ನನ್ನು ನನ್ನ ಅಡುಗೆಮನೆಯಲ್ಲೇ ಒಬ್ಬಳು ಅನುಮಾನಿಸಿ ಸಾಕ್ಷಿ ಎತ್ತಿಟ್ಟಿದ್ದಾಳೆ ಎಂದು ನನಗೆ ತಿಳಿಯಲೇ ಇಲ್ಲ. ತುಂಬ ನೋವಾಯಿತು. ಆದರೆ ಆ ಎರಡು ದಿನ ನಾನು ನೀನು ಅನುಮಾನಿಸಿದಂಥ ಮನುಷ್ಯನೇ ಆಗಿದ್ದೆ.

ಆರನೇ ಪ್ಯಾರಾ ಬದಲಾಗಿದೆ. ಪತ್ನಿಯ ಮೂಲಕ ಎಂಬತ್ತು ಸಾವಿರ ಸಂದಿದೆ, ಅಸಲಿನಲ್ಲಿ ಬಾಕಿ ಎರಡು ಲಕ್ಷದ ಇಪ್ಪತ್ತು ಸಾವಿರ ಎಂದು ಬರೆಸಿ ಸಹಿ ಹಾಕಿದ್ದೇನೆ. ನಾನೇ ಒಪ್ಪಿಕೊಂಡ ಮೇಲೆ ಆ ಹಣಕ್ಕಾಗಿ ನಿನ್ನನ್ನು ಸಾಕ್ಷಿಗೆ ಕರೆಯುವ ಅಗತ್ಯ ಬೀಳುವುದಿಲ್ಲ ಎಂದಿದ್ದಾಳೆ ಮಂಜುಶ್ರೀ. ಆ ಎಂಬತ್ತು ಸಾವಿರ ಏನು ಮಾಡಿದೆ ಎಂದು ನಾನು ಕೇಳುವುದಿಲ್ಲ. ಕೇಳಬೇಕೆಂದು ನಾಲಿಗೆ ತುದಿಯವರೆಗೆ ಬರುತ್ತದೆ, ಆದರೂ ಕೇಳುವುದಿಲ್ಲ. ನಿನ್ನೆ ಎರಡು ಚೀಟಿಯನ್ನೂ ಅವಳ ಮೇಜಿನ ಮೇಲೆ ಇಟ್ಟೆ. ಪಿನ್ನು ನೀನು ಹಾಕಿದ್ದ ಹಾಗೇ ಇತ್ತು.